ಇಪ್ಪತ್ತೇಳು ಇಂಚಿನ ಮರುಳು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಡಿಮೆ ಬೆಲೆಯ ಮಾನಿಟರ್ ಕೇಳಿದರೆ ಮಾತು ಬಹುಬೇಗ ಒಂದೇ ಕಡೆ ಬಂದು ನಿಲ್ಲುತ್ತದೆ: "ಸರ್, ಇನ್ನೊಂದೆರಡು ಸಾವಿರ ಹಾಕ್ಬಿಡಿ, ಇಪ್ಪತ್ತೇಳು ಇಂಚೇ ಬರುತ್ತೆ. ಐಪಿಎಸ್ ಪ್ಯಾನೆಲ್, ಕಣ್ಮುಚ್ಚಿ ತಗೊಳ್ಳಿ." ಅಂಗಡಿಯವರನ್ನು ಮಾತ್ರ ದೂರಬೇಕಾಗಿಲ್ಲ. ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗ, ಆಫೀಸಿನ ಪಕ್ಕದ ಟೇಬಲ್ಲಿನವರು, ಯೂಟ್ಯೂಬಿನಲ್ಲಿ ಹತ್ತು ಮಾನಿಟರ್ ಸಾಲಾಗಿ ಇಟ್ಟು ಹೋಲಿಸುವವರು ಎಲ್ಲರೂ ಕೊಡುವ ಸಲಹೆ ಇದೇ. ಕೊಟ್ಟ ದುಡ್ಡಿಗೆ ಎಷ್ಟು ದೊಡ್ಡ ಪರದೆ ಸಿಗುತ್ತದೋ ಅಷ್ಟು ದೊಡ್ಡದು ತೆಗೆದುಕೊಳ್ಳಿ, ಡಬ್ಬದ ಮೇಲೆ ಐಪಿಎಸ್ ಎಂದು ಬರೆದಿದ್ದರೆ ಸಾಕು, ಇನ್ನೇನೂ ನೋಡಬೇಡಿ.

ಇದರಲ್ಲಿ ಮೊದಲನೆಯ ಮಾತು ಪೂರ್ತಿ ತಪ್ಪು. ಎರಡನೆಯದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧ ಸತ್ಯವನ್ನೇ ಪೂರ್ತಿ ಸತ್ಯವೆಂದು ಮಾರಲಾಗುತ್ತಿದೆ. ಹತ್ತು ಹದಿನೈದು ಸಾವಿರವನ್ನು ಕೂಡಿಟ್ಟು ಮನೆಗೆ ಒಂದೇ ಒಂದು ಮಾನಿಟರ್ ತರುವವರು, ಅದರಲ್ಲೂ ಅದರ ಮುಂದೆ ಕೂತು ಕನ್ನಡ ಓದುವವರು, ಬರೆಯುವವರು, ಪುಟ ಕಟ್ಟುವವರು, ಕರಡು ತಿದ್ದುವವರು ಈ ಸಲಹೆಯಿಂದ ನಿಜವಾಗಿ ನಷ್ಟಪಡುತ್ತಿದ್ದಾರೆ. ಹಾಗಾಗಿ ಇದನ್ನು ಬಿಡಿಸಿ ಹೇಳಬೇಕಾಗಿದೆ.

ಮೊದಲು ಗಾತ್ರದ ಮಾತು. 24 ಇಂಚು ಎಂದು ನಾವು ಕರೆಯುವ ಮಾನಿಟರಿನ ನಿಜವಾದ ಕರ್ಣ ಸಾಮಾನ್ಯವಾಗಿ 23.8 ಇಂಚು. ಅಳೆದರೆ ಅಗಲ ಸುಮಾರು 52.7 ಸೆಂಟಿಮೀಟರ್, ಎತ್ತರ 29.6. 27 ಇಂಚಿನದು ಸುಮಾರು 59.8 ಅಗಲ, 33.6 ಎತ್ತರ. ವಿಸ್ತೀರ್ಣ ಶೇಕಡ 29ರಷ್ಟು ಹೆಚ್ಚು. ಅಂಗಡಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟಾಗ ಕಣ್ಣು ದೊಡ್ಡದರ ಕಡೆಗೇ ವಾಲುವುದು ಸಹಜ. ಆದರೆ ಕಡಿಮೆ ಬೆಲೆಯ ಸಾಲಿನಲ್ಲಿ ಸಾಮಾನ್ಯವಾಗಿ ಎರಡರದೂ ಒಂದೇ ಫುಲ್ ಎಚ್‌ಡಿ: ಅಡ್ಡಲಾಗಿ 1920 ಚುಕ್ಕೆ, ಉದ್ದಕ್ಕೆ 1080. ಗುಣಿಸಿದರೆ 20,73,600. ಚಿಕ್ಕದರಲ್ಲೂ ಅಷ್ಟೇ, ದೊಡ್ಡದರಲ್ಲೂ ಅಷ್ಟೇ. ಒಂದು ಉಂಡೆ ಹಿಟ್ಟನ್ನು ಇನ್ನಷ್ಟು ಅಗಲಕ್ಕೆ ತಟ್ಟಿದರೆ ರೊಟ್ಟಿ ದೊಡ್ಡದಾಗಿ ಕಾಣುತ್ತದೆ, ಹೊಟ್ಟೆಗೆ ಬೀಳುವ ಹಿಟ್ಟು ಹೆಚ್ಚುವುದಿಲ್ಲ. 27 ಇಂಚಿನ ಫುಲ್ ಎಚ್‌ಡಿಯಲ್ಲಿ ಹೊಸದಾಗಿ ಒಂದು ಸಾಲು ಹೆಚ್ಚು ಕಾಣುವುದಿಲ್ಲ, ಎಕ್ಸೆಲ್‌ನಲ್ಲಿ ಒಂದು ಕಾಲಮ್ಮೂ ಹೆಚ್ಚು ಹಿಡಿಯುವುದಿಲ್ಲ. ಇರುವುದೇ ಹಿಗ್ಗಿ ಕಾಣುತ್ತದೆ, ಅಷ್ಟೇ.

ಹಿಗ್ಗಿದಾಗ ಆಗುವುದೇನು? ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಕೂತಿವೆ ಎಂಬುದೇ ಇಲ್ಲಿ ಮುಖ್ಯವಾದ ಲೆಕ್ಕ. 21.5 ಇಂಚಿನ ಫುಲ್ ಎಚ್‌ಡಿಯಲ್ಲಿ ಇಂಚಿಗೆ 102. 23.8ರಲ್ಲಿ 93. 27ರಲ್ಲಿ 82. ಈಗ 32 ಇಂಚಿನ ಫುಲ್ ಎಚ್‌ಡಿ ಮಾನಿಟರುಗಳೂ ಬಂದಿವೆ, ಅವುಗಳಲ್ಲಿ 69. ಹತ್ತು ವರ್ಷದ ಹಿಂದೆ ನಾವು ಅಗ್ಗದ್ದೆಂದು ಮೂಗು ಮುರಿಯುತ್ತಿದ್ದ 15.6 ಇಂಚಿನ, 1366×768ರ ಲ್ಯಾಪ್‌ಟಾಪಿನಲ್ಲೂ ಇಂಚಿಗೆ 100 ಚುಕ್ಕೆಗಳಿದ್ದವು. ಇವತ್ತಿನ ಸಾಧಾರಣ ಮೊಬೈಲಿನಲ್ಲಿ ಇಂಚಿಗೆ ಮುನ್ನೂರು, ನಾನೂರು. ಮೊಬೈಲಿನಲ್ಲಿ ಕನ್ನಡ ಪತ್ರಿಕೆಯನ್ನು ಅಷ್ಟು ಹಾಯಾಗಿ ಓದುವವರು ಮಾನಿಟರಿನಲ್ಲಿ ಅದೇ ಪತ್ರಿಕೆ ತೆರೆದಾಗ ಅಕ್ಷರ ಯಾಕೋ ಗರಗಸದ ಅಂಚಿನ ಹಾಗೆ ಕಾಣುತ್ತದಲ್ಲ ಎಂದು ಕನ್ನಡಕ ಒರೆಸಿಕೊಳ್ಳುತ್ತಾರೆ. ಕನ್ನಡಕದ ತಪ್ಪಲ್ಲ, ಫಾಂಟಿನ ತಪ್ಪೂ ಅಲ್ಲ.

ಟಿ.ವಿ. ಕೊಳ್ಳುವ ಅಭ್ಯಾಸವೇ ಈ ಗಾತ್ರದ ಮೋಹದ ಮೂಲ ಎಂಬುದು ನನ್ನ ಅನಿಸಿಕೆ. ಟಿ.ವಿ.ಗೆ ಆ ಲೆಕ್ಕ ಸರಿ. 32 ಇಂಚಿನ ಎಚ್‌ಡಿ ರೆಡಿ ಟಿ.ವಿ.ಯ ಒಂದೊಂದು ಚುಕ್ಕೆಯೂ ಅರ್ಧ ಮಿಲಿಮೀಟರಿಗಿಂತ ದೊಡ್ಡದು. ಆದರೂ ಎರಡು ಮೀಟರ್ ದೂರದ ಸೋಫಾದಲ್ಲಿ ಕೂತವರಿಗೆ ಅದು ಬಿಡಿಬಿಡಿಯಾಗಿ ಕಾಣುವುದಿಲ್ಲ. ಸರಿಯಾದ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿನಷ್ಟು ಸೂಕ್ಷ್ಮವನ್ನು ಬಿಡಿಸಿ ನೋಡಬಲ್ಲದು ಎಂಬುದು ಕಣ್ಣಿನ ವೈದ್ಯರು ಬಳಸುವ ಅಳತೆ. ಆ ಲೆಕ್ಕದಲ್ಲಿ 27 ಇಂಚಿನ ಫುಲ್ ಎಚ್‌ಡಿಯ ಚುಕ್ಕೆಗಳು ಒಂದರಲ್ಲೊಂದು ಕರಗಿ ಹೋಗಬೇಕಾದರೆ ಸುಮಾರು 107 ಸೆಂಟಿಮೀಟರ್ ದೂರ ಕೂರಬೇಕು. 24 ಇಂಚಿನದಕ್ಕೆ 94. ಮಾನಿಟರಿನ ಮುಂದೆ ನಾವು ಕೂರುವುದು 60, ಹೆಚ್ಚೆಂದರೆ 70 ಸೆಂಟಿಮೀಟರ್ ದೂರದಲ್ಲಿ. ಹಾಗಾಗಿ ಈ ಬೆಲೆಯ ಯಾವ ಮಾನಿಟರಿನಲ್ಲೂ ಚುಕ್ಕೆ ಪೂರ್ತಿ ಮರೆಯಾಗುವುದಿಲ್ಲ, ನಿಜ. ಆದರೆ ಮೊದಲೇ ಇರುವ ಕೊರತೆಯನ್ನು ಎರಡು ಸಾವಿರ ಹೆಚ್ಚು ಕೊಟ್ಟು ಇನ್ನಷ್ಟು ದೊಡ್ಡದು ಮಾಡಿಕೊಳ್ಳುವುದು ಯಾವ ಜಾಣತನ?

"ಹಾಗಾದರೆ ಸ್ವಲ್ಪ ಹಿಂದಕ್ಕೆ ಸರಿಸಿ ಇಟ್ಟುಕೊಂಡರಾಯಿತು" ಎನ್ನುತ್ತಾರೆ. ಎಲ್ಲಿಗೆ ಸರಿಸುವುದು? ನಮ್ಮ ಮನೆಗಳ ಕಂಪ್ಯೂಟರ್ ಟೇಬಲ್ಲುಗಳ ಆಳ ಒಂದೂವರೆ ಅಡಿ, ಎರಡು ಅಡಿ. ಅದರ ಹಿಂದೆ ಗೋಡೆ. ಮಾನಿಟರಿನ ಸ್ಟ್ಯಾಂಡು ಅದರಲ್ಲಿ ಮುಕ್ಕಾಲು ಅಡಿಯಷ್ಟು ನುಂಗುತ್ತದೆ, ಮುಂದೆ ಕೀಬೋರ್ಡಿಗೆ ಜಾಗ ಬೇಕು. ಪಿ.ಜಿ. ಕೋಣೆಯ ಗೋಡೆಗೆ ಬಡಿದ ಹಲಗೆಯ ಮೇಲಂತೂ ಕೇಳುವುದೇ ಬೇಡ. 27 ಇಂಚು 24ರಷ್ಟೇ ನಯವಾಗಿ ಕಾಣಬೇಕಾದರೆ 60 ಸೆಂಟಿಮೀಟರ್ ಇದ್ದದ್ದು 68 ಆಗಬೇಕು. ಹಾಗೆ ಹಿಂದಕ್ಕೆ ಹೋದ ಮೇಲೆ ಕಣ್ಣಿಗೆ ಕಾಣುವ ಗಾತ್ರವೂ 24ರಷ್ಟೇ ಆಗಿಬಿಡುತ್ತದೆ. ಕೊಟ್ಟ ಹೆಚ್ಚಿನ ದುಡ್ಡು ಟೇಬಲ್ಲಿನ ಆ ಎಂಟು ಸೆಂಟಿಮೀಟರಿನಲ್ಲಿ ಮುಗಿದು ಹೋಯಿತು.

ಇಷ್ಟು ಎಲ್ಲ ಭಾಷೆಯವರಿಗೂ ಅನ್ವಯಿಸುವ ಮಾತು. ಕನ್ನಡದ ವಿಷಯ ಇದಕ್ಕಿಂತ ಸೂಕ್ಷ್ಮ, ಅದನ್ನು ಮಾನಿಟರ್ ಹೋಲಿಸುವ ಯಾರೂ ಎತ್ತುವುದೇ ಇಲ್ಲ. ಅವರ ಕಣ್ಣ ಮುಂದಿರುವುದು ಇಂಗ್ಲಿಷಿನ ಅಕ್ಷರ. ಇಂಗ್ಲಿಷಿನ ಒಂದು ಸಾಲಿನಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ. ಕನ್ನಡದಲ್ಲಿ ಅವು ಒಂದರ ಕೆಳಗೊಂದು ಇಳಿಯುತ್ತವೆ. "ರಾಷ್ಟ್ರೀಯ" ಎಂದು ಬರೆಯಿರಿ: ನಡುವಿನ ಆ ಒಂದು ಗುಚ್ಛದಲ್ಲಿ ಮೂಲಾಕ್ಷರವಿದೆ, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಎರಡು ಒತ್ತು. ಒತ್ತಕ್ಷರಗಳಿಗೆ ಸಿಗುವುದು ಸಾಲಿನ ಕೆಳಗಿನ ಸಣ್ಣ ಪಟ್ಟಿ, ಅಲ್ಲಿ ಬೆರಳಲ್ಲಿ ಎಣಿಸುವಷ್ಟು ಚುಕ್ಕೆಗಳಲ್ಲಿ ಅವು ತಮ್ಮ ಆಕಾರ ತೋರಿಸಬೇಕು. ಅದಕ್ಕಿಂತ ಕಷ್ಟದ್ದು ಒಂದೇ ಗೀಟಿನಿಂದ, ಒಂದೇ ಚುಕ್ಕೆಯಿಂದ ಬೇರೆಯಾಗುವ ಅಕ್ಷರಗಳದು. ರಕಾರದ ಹೊಟ್ಟೆಯೊಳಗೆ ಒಂದು ಬಿಂದು ಇಟ್ಟರೆ ಠಕಾರ. ಮರ ಮಠವಾಗಲು, ಪಾರ ಪಾಠವಾಗಲು ಅಷ್ಟೇ ಸಾಕು. ಧಕಾರಕ್ಕೂ ಥಕಾರಕ್ಕೂ ನಡುವೆ ಇರುವುದೂ ಅಂಥದೇ ಬಿಂದು. ದ-ಧ, ಡ-ಢ, ಬ-ಭ ಜೋಡಿಗಳಲ್ಲಿ ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡುವುದು ಅಕ್ಷರದ ಬುಡದಲ್ಲಿರುವ ಒಂದು ಚಿಕ್ಕ ಸೀಳು.

ಐದು ಮಿಲಿಮೀಟರ್ ಎತ್ತರದ ಒಂದು ಅಕ್ಷರ ತೆಗೆದುಕೊಳ್ಳೋಣ. 27 ಇಂಚಿನ ಫುಲ್ ಎಚ್‌ಡಿಯಲ್ಲಿ ಅದರ ಎತ್ತರಕ್ಕೆ ಸಿಗುವುದು 16 ಚುಕ್ಕೆ. 24ರಲ್ಲಿ 18. 21.5ರಲ್ಲಿ 20. ಅದೇ 27 ಇಂಚು 2560×1440 ಚುಕ್ಕೆಗಳದ್ದಾದರೆ 21ಕ್ಕೂ ಮಿಕ್ಕಿ. ಎತ್ತರ, ಅಗಲ ಎರಡೂ ಸೇರಿದರೆ ಅದೇ ಅಕ್ಷರದ ಚೌಕಕ್ಕೆ ಕ್ರಮವಾಗಿ ಸುಮಾರು 260, 330, 405, 460 ಚುಕ್ಕೆಗಳು. ಒಂದು ಅಕ್ಷರದಲ್ಲಿ ಎಪ್ಪತ್ತು ಚುಕ್ಕೆಯ ವ್ಯತ್ಯಾಸ ಇಂಗ್ಲಿಷಿನ ಸೊನ್ನೆಯಂಥ ಅಕ್ಷರಕ್ಕೆ ದೊಡ್ಡದಲ್ಲದಿರಬಹುದು, ಒಂದು ಒತ್ತಿಗೆ, ಒಂದು ಸೀಳಿಗೆ ಅದು ಬದುಕು.

ಇದನ್ನು ತಂತ್ರಾಂಶ ಸರಿಪಡಿಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸ್ವಲ್ಪ ಮಟ್ಟಿಗೆ ಸರಿಪಡಿಸುತ್ತದೆ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ, ಅಂದರೆ 2001ರಿಂದ, ಮೈಕ್ರೋಸಾಫ್ಟಿನ ಕ್ಲಿಯರ್‌ಟೈಪ್ ನಮ್ಮ ಕಂಪ್ಯೂಟರುಗಳಲ್ಲಿದೆ. ಎಲ್‌ಸಿಡಿ ಪರದೆಯ ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಣ್ಣ ಪಟ್ಟಿಗಳು ಅಕ್ಕಪಕ್ಕ ನಿಂತಿರುತ್ತವೆ. ಕ್ಲಿಯರ್‌ಟೈಪ್ ಆ ಪಟ್ಟಿಗಳನ್ನು ಬಿಡಿಬಿಡಿಯಾಗಿ ಹೊತ್ತಿಸಿ ಅಕ್ಷರದ ಅಂಚನ್ನು ನಯ ಮಾಡುತ್ತದೆ. ಪಟ್ಟಿಗಳು ನಿಂತಿರುವುದು ಎಡದಿಂದ ಬಲಕ್ಕೆ. ಹಾಗಾಗಿ ಮೂಲ ಕ್ಲಿಯರ್‌ಟೈಪ್ ನಯ ಮಾಡುವುದು ಎಡ-ಬಲದ ಅಂಚನ್ನು ಮಾತ್ರ, ಮೇಲೆ-ಕೆಳಗಿನ ದಿಕ್ಕಿಗೆ ಅದರಿಂದ ಏನೂ ಸಿಗುವುದಿಲ್ಲ. ಆ ದಿಕ್ಕಿನಲ್ಲೂ ನಯ ಮಾಡುವ ವ್ಯವಸ್ಥೆ ವಿಂಡೋಸಿನಲ್ಲಿ ಆಮೇಲೆ ಬಂತು, ಹೊಸ ತಂತ್ರಾಂಶಗಳು ಅದನ್ನು ಬಳಸುತ್ತವೆ. ಆದರೆ ಹಳೆಯ ತಂತ್ರಾಂಶಗಳಲ್ಲೇ ಇವತ್ತಿಗೂ ಪುಟ ಕಟ್ಟುವ ಡಿಟಿಪಿ ಕೇಂದ್ರಗಳು ನಮ್ಮ ಊರೂರಲ್ಲಿವೆ. ಕನ್ನಡದ ಒತ್ತುಗಳು ಬೆಳೆಯುವುದು ಕೆಳಮುಖವಾಗಿ, ತಲೆಕಟ್ಟು ಕೂರುವುದು ಮೇಲೆ. ಅಂಥ ಕಡೆ ಸಹಾಯ ಬೇಕಾದ ದಿಕ್ಕಿನಲ್ಲೇ ಸಹಾಯವಿಲ್ಲ. ಮ್ಯಾಕ್ ಮಿನಿ ಕೊಂಡು ಅದಕ್ಕೆ ಅಗ್ಗದ ಮಾನಿಟರ್ ಜೋಡಿಸುವವರ ಕಷ್ಟ ಇನ್ನೂ ಒಂದು ಹೆಜ್ಜೆ ಮುಂದೆ: 2018ರ ಮೊಹಾವಿ ಆವೃತ್ತಿಯಿಂದ ಆಪಲ್ ಈ ಪಟ್ಟಿ ಹೊತ್ತಿಸುವ ತಂತ್ರವನ್ನು ಮ್ಯಾಕಿನಲ್ಲಿ ಕೈಬಿಟ್ಟಿತು. ಇಂಚಿಗೆ 82 ಚುಕ್ಕೆಯ ಪರದೆಯಲ್ಲಿ ಮ್ಯಾಕಿನ ಅಕ್ಷರ ಮಸುಕಾಗಿ ಕಾಣುವುದು ಅದಕ್ಕೇ.

ಚುಕ್ಕೆ ದೊಡ್ಡದಾದರೆ ಕಣ್ಣು ಹಾಳಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅಂಥ ಹೆದರಿಕೆ ಹುಟ್ಟಿಸಿ ವಾದ ಗೆಲ್ಲುವ ಅಗತ್ಯವೂ ಇಲ್ಲ. ನನ್ನ ಮಾತು ಓದಿನ ಸುಖದ ಬಗ್ಗೆ, ತಿದ್ದುವ ಕೆಲಸದ ನಿಖರತೆಯ ಬಗ್ಗೆ. ಪುಸ್ತಕವೊಂದರ ಕರಡನ್ನು ಪರದೆಯ ಮೇಲೆ ಓದುವವರಿಗೆ "ಭಾರ" ಎಂಬುದು "ಬಾರ" ಆಗಿರುವುದು ತಕ್ಷಣ ಕಣ್ಣಿಗೆ ಚುಚ್ಚಬೇಕು. ಅಕ್ಷರ ಹಿಗ್ಗಿ ಅಂಚು ಹರಿದಾಗ ಮನಸ್ಸು ತಾನೇ ಊಹಿಸಿಕೊಂಡು ಮುಂದೆ ಹೋಗುತ್ತದೆ, ತಪ್ಪು ಹಾಗೇ ಅಚ್ಚಾಗುತ್ತದೆ.

ದೊಡ್ಡ ಪರದೆಯ ಪರ ಇರುವ ಒಂದು ವಾದ ಮಾತ್ರ ನಿಜಕ್ಕೂ ತೂಕದ್ದು. ವಯಸ್ಸಾದವರಿಗೆ, ದೃಷ್ಟಿ ಮಂದವಾದವರಿಗೆ ದೊಡ್ಡ ಅಕ್ಷರ ಬೇಕು, 27 ಇಂಚು ಅದನ್ನು ಸೆಟ್ಟಿಂಗ್ ಮುಟ್ಟದೆಯೇ ಕೊಡುತ್ತದೆ ಎಂಬುದು. ಅಪ್ಪ-ಅಮ್ಮನಿಗೆಂದು ಕೊಳ್ಳುವವರು ಈ ಕಾರಣವನ್ನೇ ಮುಂದಿಡುತ್ತಾರೆ. ಆದರೆ ವಿಂಡೋಸಿನಲ್ಲಿ ಒಮ್ಮೆ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ಶೇಕಡ 125 ಎಂದು ಒತ್ತಿದರೆ 24 ಇಂಚಿನ ಅಕ್ಷರ 27ರ ಮಾಮೂಲಿ ಅಕ್ಷರಕ್ಕಿಂತ ದೊಡ್ಡದಾಗುತ್ತದೆ. ಹಾಗೆ ದೊಡ್ಡದಾಗುವುದು ಹೆಚ್ಚು ಚುಕ್ಕೆಗಳನ್ನು ಬಳಸಿಕೊಂಡು, ಇರುವ ಚುಕ್ಕೆಯನ್ನು ಹಿಗ್ಗಿಸಿ ಅಲ್ಲ. ಮಂದ ದೃಷ್ಟಿಯವರಿಗೆ ದೊಡ್ಡ ಅಕ್ಷರದಷ್ಟೇ ಸ್ಪಷ್ಟ ಅಕ್ಷರವೂ ಬೇಕು. ಒಂದು ನಿಮಿಷ ಕೂತು ಆ ಸೆಟ್ಟಿಂಗ್ ಮಾಡಿಕೊಡುವುದು ಮಗನ, ಮಗಳ ಕೆಲಸ. ಅದನ್ನು ತಪ್ಪಿಸಿಕೊಳ್ಳಲು ಎರಡು ಸಾವಿರ ಕೊಡುವುದು ಸೇವೆಯಲ್ಲ. ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತು ನೋಡುವುದಕ್ಕೆ, ಸಿಸಿಟಿವಿಯ ಎಂಟು ಚೌಕ ಗೋಡೆಗೆ ತೂಗುಹಾಕುವುದಕ್ಕೆ, ದೂರ ಕೂತು ಆಟ ಆಡುವುದಕ್ಕೆ 27 ಇಂಚಿನ ಫುಲ್ ಎಚ್‌ಡಿ ಆಗಬಹುದು. ಓದು ಬರಹಕ್ಕೆ ಬೇಡ.

ಇಲ್ಲಿ ಸರ್ಕಾರವೂ ಇಂಚನ್ನೇ ಎಣಿಸಿತು ಎಂಬುದನ್ನು ನೆನಪಿಸಬೇಕು. 2019ರ ಜನವರಿಯಿಂದ 32 ಇಂಚಿನವರೆಗಿನ ಮಾನಿಟರಿಗೆ ಜಿಎಸ್‌ಟಿ ಶೇಕಡ 18, ಅದಕ್ಕೆ ಮೇಲ್ಪಟ್ಟದ್ದಕ್ಕೆ 28 ಎಂದಿತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ 18 ಆಯಿತು. ದೊಡ್ಡ ಪರದೆ ಎಂದರೆ ಹೆಚ್ಚಿನ ವಸ್ತು, ಚಿಕ್ಕದೆಂದರೆ ಬಡವರದ್ದು ಎಂಬ ಭಾವನೆ ತೆರಿಗೆಯ ಪಟ್ಟಿಯೊಳಗೂ ಹೊಕ್ಕಿತ್ತು.

ಇನ್ನು ಪ್ಯಾನೆಲ್ಲಿನ ಮಾತು. ಐಪಿಎಸ್ ಎಂಬ ಹೆಸರಿಗೆ ಈ ಗೌರವ ಸುಮ್ಮನೆ ಬಂದದ್ದಲ್ಲ. 1990ರ ದಶಕದ ಎಲ್‌ಸಿಡಿ ಪರದೆಗಳು ಬಹುತೇಕ ಟಿಎನ್ ಜಾತಿಯವು. ಮೇಲಿನಿಂದ ನೋಡಿದರೆ ಬಣ್ಣ ಬಿಳಚಿಕೊಳ್ಳುತ್ತಿತ್ತು, ಕೆಳಗಿನಿಂದ ನೋಡಿದರೆ ಫೋಟೋದ ನೆಗೆಟಿವ್‌ನಂತೆ ತಿರುಗಿಬೀಳುತ್ತಿತ್ತು. ದ್ರವಸ್ಫಟಿಕದ ಕಣಗಳನ್ನು ಗಾಜಿನ ಸಮತಲದಲ್ಲೇ ತಿರುಗಿಸುವ ಐಪಿಎಸ್ ವಿಧಾನವನ್ನು ಹಿಟಾಚಿ 1996ರಲ್ಲಿ ಮಾರುಕಟ್ಟೆಗೆ ತಂದಿತು. ಕಣಗಳನ್ನು ನೆಟ್ಟಗೆ ನಿಲ್ಲಿಸಿ ಬಾಗಿಸುವ ವಿಎ ಜಾತಿಯಲ್ಲಿ ಫುಜಿತ್ಸು 1998ರಲ್ಲಿ ಎಂವಿಎ ತಂದಿತು. ಆಮೇಲೆ ಬಹಳ ಕಾಲ ಐಪಿಎಸ್ ಎಂದರೆ ಛಾಯಾಗ್ರಾಹಕರು, ಮುದ್ರಣದವರು ಕೊಳ್ಳುವ ದುಬಾರಿ ಮಾನಿಟರ್. ಅದರೊಳಗೆ ಪ್ಯಾನೆಲ್ ಮಾತ್ರವಲ್ಲ, ಒಳ್ಳೆಯ ಹಿಂಬೆಳಕು, ಕಾರ್ಖಾನೆಯಲ್ಲೇ ಹೊಂದಿಸಿದ ಬಣ್ಣ, ಎತ್ತರ ಬದಲಿಸುವ ಸ್ಟ್ಯಾಂಡು ಎಲ್ಲವೂ ಇರುತ್ತಿತ್ತು. ಈಗ ಏಳೆಂಟು ಸಾವಿರದ ಡಬ್ಬದ ಮೇಲೂ ಅದೇ ಮೂರಕ್ಷರ ಇದೆ. ಹೆಸರು ಅಗ್ಗವಾಯಿತು, ಹೆಸರಿನ ಹಿಂದಿದ್ದ ಉಳಿದ ಗುಣಗಳು ಜತೆಗೆ ಬರಲಿಲ್ಲ. ಜನ ಮಾತ್ರ ಹಳೆಯ ಗೌರವವನ್ನೇ ಹೊಸ ಡಬ್ಬಕ್ಕೂ ಕೊಡುತ್ತಿದ್ದಾರೆ.

ಅಗ್ಗದ ಎಷ್ಟೋ ಐಪಿಎಸ್ ಪರದೆಗಳ ಒಳಗೆ ಪ್ರತಿ ಬಣ್ಣಕ್ಕೂ ಇರುವುದು ಆರು ಬಿಟ್, ಅಂದರೆ 64 ಛಾಯೆ. ಮೂರು ಬಣ್ಣ ಸೇರಿದರೆ 2,62,144. ಡಬ್ಬದ ಮೇಲೆ ಮಾತ್ರ 1.67 ಕೋಟಿ ಬಣ್ಣ ಎಂದಿರುತ್ತದೆ. ಹತ್ತಿರದ ಎರಡು ಛಾಯೆಗಳ ನಡುವೆ ವೇಗವಾಗಿ ಅತ್ತಿತ್ತ ಓಡಾಡಿಸಿ ನಡುವಿನದನ್ನು ಇರುವಂತೆ ತೋರಿಸುವುದು ಆ ಉಳಿದ ಬಣ್ಣಗಳ ಗುಟ್ಟು. ಅಕ್ಷರ ಓದುವವರಿಗೆ ಇದರಿಂದ ತೊಂದರೆಯಿಲ್ಲ, ಆದರೆ "ಐಪಿಎಸ್ ಅಂದ್ರೆ ಕಲರ್ ಗ್ಯಾರಂಟಿ" ಎಂಬ ಮಾತನ್ನು ನಂಬಿ ಮದುವೆ ಆಲ್ಬಮ್ಮಿನ ಕೆಲಸಕ್ಕೆ ಕೊಂಡ ಸ್ಟುಡಿಯೋದವರಿಗೆ ತೊಂದರೆಯಿದೆ. ಅವರು ನೋಡಬೇಕಾದದ್ದು ಎಸ್‌ಆರ್‌ಜಿಬಿ ಎಂಬ ಬಣ್ಣಗಳ ಹರವಿನಲ್ಲಿ ಶೇಕಡ ಎಷ್ಟನ್ನು ತೋರಿಸುತ್ತದೆ ಎಂಬುದನ್ನು.

ಎಲ್ಲ ಕಡೆ ಅಚ್ಚಾಗಿರುವ "178 ಡಿಗ್ರಿ" ಎಂಬ ನೋಟದ ಕೋನ ನೋಡಿ. ಐಪಿಎಸ್ ಡಬ್ಬದ ಮೇಲೂ 178, ವಿಎ ಡಬ್ಬದ ಮೇಲೂ 178. ಹಾಗಾದರೆ ಎರಡೂ ಸಮವೇ? ಅಲ್ಲ. ಆ ಸಂಖ್ಯೆ ಅಳೆಯುವುದು ಬದಿಯಿಂದ ನೋಡಿದಾಗ ಬಿಳಿ-ಕಪ್ಪಿನ ಅನುಪಾತ ಹತ್ತಕ್ಕೆ ಒಂದಕ್ಕೆ ಕುಸಿಯುವ ಕೋನವನ್ನು. ಎದುರಿನಿಂದ ಸಾವಿರಕ್ಕೆ ಒಂದು ಇದ್ದದ್ದು ಹತ್ತಕ್ಕೆ ಒಂದಾಗುವ ಹೊತ್ತಿಗೆ ಚಿತ್ರ ಎಂದೋ ಕೆಟ್ಟಿರುತ್ತದೆ. ಬಣ್ಣ ಎಲ್ಲಿಂದ ಬದಲಾಗಲು ಶುರುವಾಯಿತು ಎಂಬುದನ್ನು ಅದು ಹೇಳುವುದೇ ಇಲ್ಲ. ವಿಎಯಲ್ಲಿ ಅದು ಬೇಗ ಶುರುವಾಗುತ್ತದೆ, ಐಪಿಎಸ್‌ನಲ್ಲಿ ತಡವಾಗಿ. ಒಂದು ಮಾನಿಟರಿನ ಸುತ್ತ ಮೂವರು ಕೂತು ಕೆಲಸ ಮಾಡುವ ಕಡೆ, ಮಕ್ಕಳಿಬ್ಬರು ಅಕ್ಕಪಕ್ಕ ಕೂತು ಪಾಠ ಕೇಳುವ ಕಡೆ ಐಪಿಎಸ್ ಸರಿ. ಅದರ ಪರವಾಗಿ ಹೇಳಬೇಕಾದ ದೊಡ್ಡ ಮಾತು ಇದೇ.

ಅದೇ ಐಪಿಎಸ್ ಅನ್ನು ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರ ಮುಂದಿಡಿ. ಅದರ ಬಿಳಿ-ಕಪ್ಪಿನ ಅನುಪಾತ ಸಾಮಾನ್ಯವಾಗಿ ಸಾವಿರಕ್ಕೆ ಒಂದರ ಆಸುಪಾಸು, ವಿಎಯದು ಮೂರು ಸಾವಿರಕ್ಕೆ ಒಂದು. ಕತ್ತಲ ದೃಶ್ಯದಲ್ಲಿ ಐಪಿಎಸ್‌ನ ಕಪ್ಪು ಬೂದಿಯಾಗಿ ಕಾಣುತ್ತದೆ, ಮೂಲೆಗಳಲ್ಲಿ ಮಬ್ಬು ಹೊಳಪೊಂದು ಎದ್ದು ಬರುತ್ತದೆ. ಅಂಥವರಿಗೆ ವಿಎ ಬೇಡವೆಂದು ಸಾರಾಸಗಟಾಗಿ ಹೇಳುವುದು ಅನ್ಯಾಯ. ವಿಎಗೆ ತನ್ನದೇ ದೋಷವಿದೆ: ಕಪ್ಪಿನಿಂದ ಗಾಢ ಬೂದಿಗೆ ಬದಲಾಗುವಾಗ ಅದು ನಿಧಾನ. ಕಪ್ಪು ಹಿನ್ನೆಲೆಯಲ್ಲಿ ಬೂದು ಅಕ್ಷರ ಇಟ್ಟುಕೊಂಡು ಪುಟ ಸರಸರನೆ ಸರಿಸಿದರೆ ಅಕ್ಷರದ ಹಿಂದೆ ಮಸಿ ಎಳೆದಂತಾಗುತ್ತದೆ. ಹಗಲಲ್ಲಿ, ಕಿಟಕಿ ತೆರೆದ ಕೋಣೆಯಲ್ಲಿ, ಬಿಳಿ ಪುಟದ ಮೇಲೆ ಕೆಲಸ ಮಾಡುವವರಿಗೆ ಮೂರು ಸಾವಿರಕ್ಕೂ ಒಂದು ಸಾವಿರಕ್ಕೂ ಇರುವ ವ್ಯತ್ಯಾಸ ಪರದೆಯ ಮೇಲೆ ಬೀಳುವ ಬೆಳಕಿನಲ್ಲೇ ಕೊಚ್ಚಿಹೋಗುತ್ತದೆ. ನಿಮ್ಮ ಕೋಣೆ ಯಾವುದು, ಹೊತ್ತು ಯಾವುದು ಎಂದು ಕೇಳದೆ ಪ್ಯಾನೆಲ್ ಸೂಚಿಸುವವರು ರೋಗಿಯನ್ನು ನೋಡದೆ ಚೀಟಿ ಬರೆದುಕೊಡುತ್ತಿದ್ದಾರೆ.

ಬಾಗಿದ ಪರದೆಯ ಮೋಹವೂ ಈ ಗೊಂದಲದ ಮರಿಯೇ. ಅಗ್ಗದ ಬಾಗಿದ ಮಾನಿಟರುಗಳು ಬಹುಪಾಲು ವಿಎ. ಅವುಗಳ ಮೇಲೆ ಬರೆಯುವ 1800ಆರ್ ಎಂದರೆ 1.8 ಮೀಟರ್ ತ್ರಿಜ್ಯದ ವೃತ್ತದ ತುಣುಕು. ಅಗಲವಾದ ವಿಎ ಪರದೆಯ ಅಂಚುಗಳು ಬದಿಯಿಂದ ನೋಡಿದಂತೆ ಮಂಕಾಗುವುದನ್ನು ಬಾಗಿಸುವುದರಿಂದ ಸ್ವಲ್ಪ ತಗ್ಗಿಸಬಹುದು. 34 ಇಂಚಿನ ಅಗಲ ಪರದೆಗೆ ಅದರಲ್ಲಿ ಅರ್ಥವಿದೆ, 24 ಇಂಚಿಗೆ ಇಲ್ಲ. ಹೆಸರಿನಲ್ಲೂ ಎಚ್ಚರ ಬೇಕು: ಎಎಚ್‌ವಿಎ ಎಂದು ಬರೆದದ್ದು ವಿಎ ಅಲ್ಲ, ಎಯುಓ ಕಂಪನಿ ತನ್ನ ಐಪಿಎಸ್ ಜಾತಿಯ ಪ್ಯಾನೆಲ್ಲಿಗೆ ಇಟ್ಟ ಹೆಸರು ಅದು. ಸ್ಯಾಮ್‌ಸಂಗ್‌ನ ಪಿಎಲ್‌ಎಸ್ ಕೂಡ ಐಪಿಎಸ್ ಜಾತಿಯದೇ. "ಎಲ್ಇಡಿ ಮಾನಿಟರ್" ಎಂಬುದು ಹಿಂದಿನ ದೀಪದ ಹೆಸರು, ಪ್ಯಾನೆಲ್ ಯಾವುದೆಂದು ಅದು ಹೇಳುವುದಿಲ್ಲ. "ಒಂದು ಕೋಟಿಗೆ ಒಂದು" ಎಂಬ ಡೈನಮಿಕ್ ಕಾಂಟ್ರಾಸ್ಟ್ ದೀಪವನ್ನೇ ಮಂಕು ಮಾಡಿ ಗಳಿಸಿದ ಸಂಖ್ಯೆ. 250 ನಿಟ್ ಬೆಳಕಿನ ಪರದೆಯ ಮೇಲೆ ಎಚ್‌ಡಿಆರ್, ಅಂದರೆ ಬೆಳಕು-ಕತ್ತಲಿನ ಹೆಚ್ಚಿನ ಹರವು, ಎಂದು ಬರೆದಿದ್ದರೆ, ಅಂಥ ಸಂಕೇತವನ್ನು ಅದು ಒಪ್ಪಿಕೊಳ್ಳುತ್ತದೆ ಎಂದಷ್ಟೇ ಅರ್ಥ. ತೋರಿಸಬಲ್ಲದು ಎಂದಲ್ಲ.

ಇಷ್ಟೆಲ್ಲ ಅಕ್ಷರ, ಸಂಖ್ಯೆಗಳ ಗದ್ದಲದಲ್ಲಿ ಯಾರೂ ಕೇಳದೆ ಹೋಗುವುದು ಸ್ಟ್ಯಾಂಡಿನ ವಿಷಯ. ಅಗ್ಗದ ಮಾನಿಟರಿನ ಸ್ಟ್ಯಾಂಡು ಬಹುತೇಕ ಹಿಂದೆ-ಮುಂದೆ ಬಾಗುತ್ತದೆ, ಮೇಲೆ-ಕೆಳಗೆ ಸರಿಯುವುದಿಲ್ಲ. ಮಾನಿಟರಿನ ಕೆಳಗೆ ಹಳೆಯ ದೂರವಾಣಿ ಡೈರೆಕ್ಟರಿ, ನಿಘಂಟು ಜೋಡಿಸಿಟ್ಟ ಮನೆಗಳನ್ನು ಎಲ್ಲರೂ ನೋಡಿದ್ದೇವೆ. 27 ಇಂಚಿಗೆ ಹಾಕುವ ಆ ಎರಡು ಸಾವಿರವನ್ನು ಎತ್ತರ ಬದಲಾಗುವ, ತಿರುಗಿಸಿ ನಿಲ್ಲಿಸಬಹುದಾದ ಸ್ಟ್ಯಾಂಡಿರುವ 24 ಇಂಚಿಗೆ ಹಾಕಿ. ಇಲ್ಲವಾದರೆ ಬೆನ್ನಿನಲ್ಲಿ 75 ಅಥವಾ 100 ಮಿಲಿಮೀಟರಿನ ನಾಲ್ಕು ತಿರುಪಿನ ತೂತುಗಳಿವೆಯೇ ನೋಡಿ, ಆಮೇಲೆ ಬೇರೆ ತೋಳು ಜೋಡಿಸಬಹುದು. ಪುಟ ಕಟ್ಟುವವರಿಗೆ ಇನ್ನೊಂದು ಅನುಕೂಲವಿದೆ. 24 ಇಂಚಿನ ಪರದೆಯ ಎತ್ತರ 29.6 ಸೆಂಟಿಮೀಟರ್, ಎ4 ಹಾಳೆಯ ಎತ್ತರ 29.7. ಅಗಲದಲ್ಲಿ ಎರಡು ಎ4 ಹಾಳೆ ಇಟ್ಟರೂ ಹತ್ತು ಸೆಂಟಿಮೀಟರ್ ಮಿಕ್ಕುತ್ತದೆ. ಎಡಪುಟ, ಬಲಪುಟ ಎರಡನ್ನೂ ಹೆಚ್ಚುಕಡಿಮೆ ಅಚ್ಚಾಗುವ ಅಳತೆಯಲ್ಲೇ ನೋಡಬಹುದು. ತಿರುಗಿಸಿ ನಿಲ್ಲಿಸುವುದಾದರೆ ಟಿಎನ್ ಮಾತ್ರ ಬೇಡವೇ ಬೇಡ: ಅದರ ಮೇಲೆ-ಕೆಳಗಿನ ದೋಷ ಆಗ ಎಡ-ಬಲಕ್ಕೆ ಬಂದು ಒಂದೊಂದು ಕಣ್ಣಿಗೆ ಒಂದೊಂದು ಛಾಯೆ ಕಾಣುತ್ತದೆ.

27 ಇಂಚೇ ಬೇಕು, ಜಾಗವಿದೆ, ಮನಸ್ಸಿದೆ ಎನ್ನುವವರು ಇನ್ನಷ್ಟು ದುಡ್ಡು ಕೂಡಿಸಿ 2560×1440ರದ್ದನ್ನೇ ಕೊಳ್ಳಲಿ. 36,86,400 ಚುಕ್ಕೆ, ಫುಲ್ ಎಚ್‌ಡಿಗಿಂತ ಒಂದೂಮುಕ್ಕಾಲು ಪಟ್ಟಿಗೂ ಹೆಚ್ಚು, ಇಂಚಿಗೆ 109. ಅಲ್ಲಿ ಗಾತ್ರ ಹೆಚ್ಚಿದ್ದಕ್ಕೆ ಅರ್ಥ ಬರುತ್ತದೆ, ಸಾಲುಗಳೂ ಹೆಚ್ಚು ಕಾಣುತ್ತವೆ. ಇತ್ತೀಚಿನ ವರ್ಷಗಳ ಸಾಧಾರಣ ಕಂಪ್ಯೂಟರುಗಳು ಬಹುತೇಕ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದೆಯೇ ಅದನ್ನು 60 ಹರ್ಟ್ಜ್‌ನಲ್ಲಿ ನಡೆಸುತ್ತವೆ. ಕೂಡಿಸಲಾಗದಿದ್ದರೆ 24ಕ್ಕೆ ನಿಲ್ಲಿ. ಬರೀ ಬರವಣಿಗೆ, ಓದು ಎನ್ನುವವರು 21.5ಕ್ಕೆ ಇಳಿದರೂ ನಾಚಿಕೆಪಡಬೇಕಾಗಿಲ್ಲ, ಫುಲ್ ಎಚ್‌ಡಿಗಳಲ್ಲಿ ಅಕ್ಷರ ಅತಿ ಸ್ಪಷ್ಟವಾಗಿರುವುದು ಅದರಲ್ಲೇ. ಯಾವುದನ್ನು ಕೊಂಡರೂ ಹಳೆಯ ನೀಲಿ ತುದಿಯ ವಿಜಿಎ ಕೇಬಲ್ ಬಿಟ್ಟು ಎಚ್‌ಡಿಎಂಐ ಜೋಡಿಸಿ, ಇಲ್ಲದಿದ್ದರೆ ಇಷ್ಟು ಹುಡುಕಿ ತಂದ ಚುಕ್ಕೆಗಳು ಕೇಬಲ್ಲಿನಲ್ಲೇ ಮಸುಕಾಗಬಹುದು.

ಅಂಗಡಿಯಲ್ಲಿ ಪರದೆ ಹಚ್ಚಿ ತೋರಿಸುವಾಗ ಗಿಳಿ, ಜಲಪಾತ, ಹೂವಿನ ವಿಡಿಯೋ ಹಾಕುತ್ತಾರೆ. ಅದನ್ನು ನಿಲ್ಲಿಸಲು ಹೇಳಿ. ಒಂದು ಕನ್ನಡ ಪುಟ ತೆರೆಯಿಸಿ, ಕುರ್ಚಿ ಕೇಳಿ ಕೂತುಕೊಳ್ಳಿ, ಮನೆಯಲ್ಲಿ ಕೂರುವಷ್ಟೇ ದೂರದಿಂದ "ಮಠ", "ರಾಷ್ಟ್ರೀಯ", "ಲಕ್ಷ್ಮಿ" ಎಂಬ ಪದಗಳನ್ನು ಓದಿ. ಎರಡು ಗಾತ್ರದಲ್ಲೂ ಓದಿದ ಮೇಲೆ ದುಡ್ಡು ತೆಗೆಯಿರಿ.